ಪದ ಅನ್ನಿ, ಹಾಡು ಅನ್ನಬೇಡಿ

ಹುಣಸೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಹೊಲಿಯುವುದು ಹೆಚ್ಚಾಗಿ ಮದುವೆ ಬ್ಲೌಸುಗಳನ್ನೇ. ಅಳತೆ ಕೊಡಲು ಬಂದ ಹುಡುಗಿಯರೂ ಅವರ ಅಮ್ಮಂದಿರೂ ಅಳತೆ ಮುಗಿದ ಮೇಲೂ ಏಳುವುದಿಲ್ಲ. ಅಡುಗೆಯವರು ಯಾರು ವಾಸಿ, ಛತ್ರದಲ್ಲಿ ನೀರು ಸರಿಯಾಗಿ ಬರುತ್ತದೆಯೇ ಅಂತ ಶುರುವಾಗಿ ಮಾತು ಕೊನೆಗೆ ವಿಡಿಯೋದವನ ಹತ್ತಿರ ಬಂದು ನಿಲ್ಲುತ್ತದೆ. "ವಿಡಿಯೋ ಚೆನ್ನಾಗ್ ಬರ್ಬೇಕು ಅಂದ್ರೆ ಏನ್ ಮಾಡ್ಬೇಕಕ್ಕ?" ಅಂತ ಕೇಳುತ್ತಾರೆ. ನಾನು ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆದು, ನಿಮಗೆ ಬೇಕಾದ್ದನ್ನು ಅವನಿಗೆ ಅರ್ಥವಾಗುವ ಮಾತಿನಲ್ಲಿ ಬಿಡಿಸಿ ಹೇಳಿ, ಪದ ಬೇಕಾದರೆ ಪದ ಅನ್ನಿ, ಹಾಡು ಅನ್ನಬೇಡಿ ಅನ್ನುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇವಳಿಗೆ ಬ್ಲೌಸ್ ಹೊಲಿದು ಹೊಲಿದು ತಲೆ ಕೆಟ್ಟಿದೆ ಅಂದುಕೊಂಡರೂ ಅಂದುಕೊಳ್ಳಲಿ. ನನ್ನ ತಂಗಿಯ ಮದುವೆಯ ವಿಡಿಯೋ ನೋಡಿದ ದಿನದಿಂದ ನಾನು ಹೀಗೇ ಹೇಳುತ್ತಿರುವುದು.

ನನ್ನ ತವರು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪು ಬೆಳೆದು, ಮನೆ ಪಕ್ಕದ ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಗೂಡಿನಲ್ಲಿ, ಬೇಯಿಸಿ, ಹರಾಜಿಗೆ ಹಾಕುವ ಮನೆತನ. ನಮ್ಮವ್ವನಿಗೆ ಅದೆಲ್ಲದರ ಜೊತೆಗೆ ಇನ್ನೊಂದು ಕೆಲಸವಿತ್ತು, ಪದ ಹೇಳುವುದು. ಸೋಬಾನೆ ಪದ. ಸುತ್ತಮುತ್ತ ಯಾರ ಮನೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಕೂರಿಸಿದರೂ ಅವ್ವನಿಗೆ ಕರೆ ಬರುತ್ತಿತ್ತು. ಎಲೆ ಅಡಿಕೆ, ಜೊತೆಗೊಂದು ಚೂರು ಹೊಗೆಸೊಪ್ಪು ದವಡೆಗೆ ಒತ್ತಿಕೊಂಡು ಅವ್ವ ಶುರು ಮಾಡಿದರೆ, ಮಿಕ್ಕ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಅರಿಶಿನದಂಥ ಶಾಸ್ತ್ರದ ಪದ ಬಿಟ್ಟರೆ ಮಿಕ್ಕದ್ದನ್ನೆಲ್ಲ ಬಾಯಿಗೆ ಬಂದ ಹಾಗೆ ಅಲ್ಲೇ ಕಟ್ಟುವಳು. ಬೀಗರ ಮೀಸೆ, ಬೀಗಿತ್ತಿಯ ಬಿಗುಮಾನ ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಮದುವೆಯಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ಹೇಳು ಅಂದರೆ, "ತಂಗಳು ಬಡಿಸ್ತಾರಾ?" ಅನ್ನುವಳು.

ನಮ್ಮ ಊರಲ್ಲಿ ಇದಕ್ಕೆ ಹಾಡು ಅನ್ನುವುದಿಲ್ಲ. ಹಾಡು ಅಂದರೆ ರೇಡಿಯೋದ್ದು, ಸಿನಿಮಾದ್ದು. ಹೆಂಗಸರು ಹೇಳುವುದು ಪದ. ಮದುವೆಯಾಗಿ ಹುಣಸೂರು ಸೇರಿ, ಪೇಟೆ ಮಾತು ನಾಲಿಗೆಗೆ ಅಂಟಿಕೊಂಡು, ನಾನು ಎಲ್ಲಕ್ಕೂ ಹಾಡು ಅನ್ನುತ್ತಿದ್ದೆ. ಅವ್ವ ಮಾತ್ರ, "ಆಡು ಅಂದ್ರೆ ಮೇಯಾಕೆ ಓಗದು ಕಣ್ಮಗ. ನಂದು ಪದ," ಅಂತ ನಗುತ್ತಿದ್ದಳು.

ತಂಗಿಗೆ ಎಚ್.ಡಿ. ಕೋಟೆ ತಾಲ್ಲೂಕು ಹಂಪಾಪುರದ ಕಡೆಯ ಗಂಡು ಗೊತ್ತಾಯಿತು. ಹುಣಸೂರಿನಲ್ಲಿ ಛತ್ರ ಹಿಡಿದಾಯಿತು. ಅಷ್ಟು ಹೊತ್ತಿಗೆ ಅವ್ವನ ದನಿ ಕರ್ಕಶವಾಗಿ ಒಡೆಯುತ್ತಿತ್ತು. ಶೀತ ಅಂದುಕೊಂಡು ಕಷಾಯ ಕುಡಿಸಿದ್ದೇ ಕುಡಿಸಿದ್ದು. ಕೊನೆಗೆ ಅಪ್ಪ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ ಬಂದ. ಆವತ್ತು ಸಂಜೆ ನಾನು ತವರಿನಲ್ಲೇ ಇದ್ದೆ. ಅಪ್ಪ ನನ್ನನ್ನು ಬ್ಯಾರನ್ ಹಿಂದಕ್ಕೆ ಕರೆದ. ಗೋಡೆಗೆ ಕೈಕೊಟ್ಟು ನಿಂತು, ಮಾತು ಹುಡುಕಿಕೊಂಡ.

"ಗಂಟ್ಲಲ್ಲಿ ಗಂಟಾಗದೆ ಕಣವ್ವ. ಒಳ್ಳೆ ಗಂಟಲ್ವಂತೆ. ದನಿ ಪೆಟ್ಗೇನೇ ತೆಗೀಬೇಕಂತೆ."

"ತೆಗೆದ್ರೆ?"

"ಜೀವ ಉಳೀತದೆ. ದನಿ ಬರಕಿಲ್ಲ."

ನಮ್ಮವ್ವ ಸೊಪ್ಪು ಸೋಸುವಾಗಲೂ ಗುನುಗುವವಳು. ಮೂಕಿಯಾಗಿ ಕೂತ ಅವ್ವನನ್ನು ಮನಸ್ಸಿನಲ್ಲಿ ತಂದುಕೊಳ್ಳಲೂ ನನ್ನಿಂದ ಆಗಲಿಲ್ಲ. ಮದುವೆ ಮುಗಿದ ಕೂಡಲೇ ಕರೆದುಕೊಂಡು ಬನ್ನಿ, ಅದಕ್ಕಿಂತ ತಡ ಬೇಡ ಅಂತ ಡಾಕ್ಟರು ಹೇಳಿದ್ದರಂತೆ. ಅಪ್ಪ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು, "ಅವಳ್ಗೆ ಏಳ್ಬ್ಯಾಡ ಕಣವ್ವ. ಸಣ್ಣ ಗಂಟು, ತೆಗೆದ್ರೆ ಸರಿಯಾಯ್ತದೆ ಅಂದಿವ್ನಿ. ಮಗಳ ಮದ್ವೇನಾದ್ರೂ ನಗ್ತಾ ಮಾಡ್ಲಿ," ಅಂದ. ನಾನು ತಲೆಯಾಡಿಸಿದೆ. ತಂಗಿಗೂ ಹೇಳಲಿಲ್ಲ.

ಅವ್ವನ ದನಿಯನ್ನು ಹಿಡಿದಿಟ್ಟುಕೊಳ್ಳಬೇಕು ಅಂತ ನನ್ನ ತಲೆಗೆ ಹೊಕ್ಕಿದ್ದು ಆಗ. ಮೊಬೈಲ್ ಹಿಡಿದರೆ ಅವ್ವ ಬಾಯಿಗೆ ಸೆರಗು ಅಡ್ಡ ಇಟ್ಟುಕೊಳ್ಳುವಳು. "ಯಾಕ್ಮಗ, ನಾನೇನ್ ಸಾಯ್ತಿದೀನಾ?" ಅಂತ ಒಂದು ಸಲ ಕೇಳಿಯೂ ಬಿಟ್ಟಳು. ಅಲ್ಲಿಗೆ ಮೊಬೈಲ್ ಆಸೆ ಕೈಬಿಟ್ಟೆ. ಮದುವೆ ವಿಡಿಯೋ ಆದರೆ ಯಾರಿಗೂ ಅನುಮಾನ ಬಾರದು, ಚಪ್ಪರದ ದಿನ ಅವ್ವ ಹೇಗೂ ಪದ ಹೇಳುತ್ತಾಳೆ, ಅದರಲ್ಲೇ ಬಂದುಬಿಡುತ್ತದೆ. ವಿಡಿಯೋದವನನ್ನು ನಾನೇ ಗೊತ್ತು ಮಾಡುತ್ತೇನೆ ಅಂತ, ಯಾಕೆ ಅಂತಲೂ, ಅಪ್ಪನಿಗೆ ಹೇಳಿದೆ.

ಕೆ.ಆರ್. ನಗರದ ಒಬ್ಬನ ಹೆಸರು ಅಂಗಡಿಗೆ ಬರುವವರೆಲ್ಲರ ಬಾಯಲ್ಲಿತ್ತು. ಮೂವತ್ತರ ಆಸುಪಾಸಿನವನು, ಕೆಲಸಗಾರ, ಮಾತುಗಾರ. ತವರಿಗೇ ಬರಲು ಹೇಳಿದೆ, ಜಾಗ ನೋಡಲಿ ಅಂತ. ಬಂದವನು ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ತನ್ನ ವಿಡಿಯೋಗಳನ್ನು ತೋರಿಸಿದ. ಹೆಣ್ಣು ನಿಧಾನವಾಗಿ ತಿರುಗುತ್ತಾಳೆ, ಗಂಡು ನಿಧಾನವಾಗಿ ನಗುತ್ತಾನೆ, ಮೇಲಿಂದ ಡ್ರೋನ್ ಹೊಲ ಗದ್ದೆಯನ್ನೆಲ್ಲ ತೋರಿಸುತ್ತದೆ. ತಂಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಅವ್ವ ಪಕ್ಕದಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅವಳು ಒಳಗೆ ಹೋಗಲಿ ಅಂತ ಕಾದೆ. ಅವಳು ಎದ್ದರೆ ತಾನೇ.

ಅವಳೆದುರಿಗೆ ಎಷ್ಟು ಹೇಳಬಹುದೋ ಅಷ್ಟು ಹೇಳಿದೆ.

"ಬೇರೆ ಏನಾದ್ರೂ ಆಗ್ಲಿ ಕಣಪ್ಪ, ಹಾಡು ಮಾತ್ರ ಚೆನ್ನಾಗಿ ಬರ್ಬೇಕು. ಚಪ್ಪರದ ದಿನದ್ದು ಮುಖ್ಯವಾಗಿ."

"ಹಾಡಿನ್ ಯೋಚ್ನೆ ನಂಗ್ ಬುಡಿ ಅಕ್ಕ. ಅದ್ರಲ್ಲೇ ನನ್ ಹೆಸ್ರಿರೋದು."

"ಒಂದು ಅಕ್ಷರಾನೂ ತಪ್ಪಬಾರ್ದು."

"ಪಿನ್ ಟು ಪಿನ್ ಕೂರಿಸ್ತೀನಿ ಅಕ್ಕ. ಕೇಳಿದ್ರೆ ಅಳು ಬರ್ಬೇಕು, ಅಂಗೆ."

ನನಗೆ ನಿರಾಳವಾಯಿತು. ಅಷ್ಟರಲ್ಲಿ ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಿ, ಒಡಕು ದನಿಯಲ್ಲಿ ಕೇಳಿದಳು: "ಅದು ದನೀನೂ ಇಡೀತದಾ ಮಗ?"

"ಎಲ್ಲಾ ಹಿಡೀತದೆ ಅಮ್ಮ. ಕ್ಯಾಮೆರಾ ತಾನೇ."

"ಊಂ," ಅಂದಳು ಅವ್ವ. ಮೊರ ತೊಡೆಗೆ ಎಳೆದುಕೊಂಡಳು.

ಚಪ್ಪರದ ದಿನ ಅವನು ಸಲಕರಣೆ ಹೊತ್ತು ಬೆಳಿಗ್ಗೆಯೇ ಬಂದ. ಅಲ್ಲಿಂದ ಮನೆ ನಮ್ಮದಾಗಿ ಉಳಿಯಲಿಲ್ಲ. ಶಾಸ್ತ್ರದ ನೀರು ಹೊತ್ತು ಬಂದ ಹೆಂಗಸರನ್ನು ವಾಪಸ್ ಕಳಿಸಿ ಮತ್ತೆ ಬರಲು ಹೇಳಿದ. ಅರಿಶಿನ ಹಚ್ಚಿದ ನಮ್ಮ ಸೋದರತ್ತೆಗೆ, "ಒರೆಸ್ಬುಟ್ಟು ಇನ್ನೊಂದ್ ಸಲ ನಿಧಾನ್ಕೆ ಹಚ್ಚಿ," ಅಂದ. ಹಚ್ಚಿದ ಅರಿಶಿನ ಒರೆಸುವುದು ಅಂದರೇನು? ಆ ಅತ್ತೆ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ನನ್ನ ಮುಖ ನೋಡಿದಳು. ನಾನೇ ಕಣ್ಸನ್ನೆ ಮಾಡಿ ಹಚ್ಚಿಸಿದೆ. ಮೊಬೈಲ್ ಎತ್ತಿದವರಿಗೆಲ್ಲ ಅವನು ಕೈಮುಗಿದು, "ಫ್ರೇಮಿಗೆ ಅಡ್ಡ ಬತ್ತದೆ, ದಯಮಾಡಿ ಕೆಳಗಿಡಿ," ಅಂದ. ನಾನೂ ಗದರಿಸಿ ಎಲ್ಲರ ಮೊಬೈಲನ್ನೂ ಕೆಳಗಿಡಿಸಿದೆ. ಕೆಲಸದವನಿಗೆ ಕೆಲಸ ಮಾಡಲು ಬಿಡಬೇಕು ಅನ್ನುವುದು ನನ್ನ ಮತ. ನನಗೂ ಬ್ಲೌಸಿನ ಕತ್ತು ಕತ್ತರಿಸುವಾಗ ಯಾರಾದರೂ ಬಾಯಿ ಹಾಕಿದರೆ ಮೈ ಉರಿಯುತ್ತದೆ.

ತಂಗಿಯನ್ನು ಹಸೆಮಣೆಗೆ ಕೂರಿಸಿದರು. ಅವ್ವ ಎದುರು ಕೂತು ಗಂಟಲು ಸರಿ ಮಾಡಿಕೊಂಡು ಪದ ಎತ್ತಿದಳು. ದನಿ ಬಿರಿದಿತ್ತು, ಆದರೂ ಅವ್ವನ ದನಿಯೇ. ಎರಡು ನುಡಿ ಆಗಿರಲಿಲ್ಲ, ವಿಡಿಯೋದವನು, "ಅಮ್ಮ, ಒಂಚೂರು ನಿಲ್ಸಿ. ಆಂಗಲ್ ಚೇಂಜ್ ಮಾಡ್ಕೋತೀನಿ," ಅಂದ. ಅವ್ವ ನಿಲ್ಲಿಸಿದಳು. ಅವನು ಈ ಕಡೆ ಬಂದು, "ಈಗ ಮೊದ್ಲಿಂದ," ಅಂದ. ಅವ್ವ ಮೊದಲಿನಿಂದ ಎತ್ತಿದಳು. ಇನ್ನೊಂದು ಸಲ ನಿಲ್ಲಿಸಿದ. ಆ ಗಂಟಲಲ್ಲಿ ಉಳಿದಿರುವುದು ಎಷ್ಟು ಅಂತ ಅವನಿಗೇನು ಗೊತ್ತು? ಒಲೆಯ ಹತ್ತಿರ ಅಪ್ಪ ಅಡುಗೆಯವರಿಗೆ ಸೌದೆ ಕೊಡುತ್ತಿದ್ದ. ಈ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತಾನೆ ಅಂತ ನನಗೆ ಗೊತ್ತಿತ್ತು. ಮೂರನೆಯ ಸಲ ಅವ್ವ ಎತ್ತುವ ಹೊತ್ತಿಗೆ ಸೊಲ್ಲು ಹಿಡಿಯಬೇಕಾದ ಹೆಂಗಸರೆಲ್ಲ ಸೆರಗು ಸರಿ ಮಾಡಿಕೊಂಡು ಕ್ಯಾಮೆರಾ ನೋಡುತ್ತಿದ್ದರು. ನಾನು ದೀಪದ ಸ್ಟ್ಯಾಂಡಿನ ವೈರನ್ನು ಮಕ್ಕಳು ತುಳಿಯದಂತೆ ಕಾಯುತ್ತಿದ್ದೆ. ಪದ ಏನು ಹೇಳಿತು ಅಂತ ಆ ಚಪ್ಪರದ ಕೆಳಗೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ಹುಣಸೂರಿನ ಛತ್ರದಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಡ್ರೋನ್ ಬಾಗಿಲಲ್ಲಿ ಹಾರಿ ಬೀಗರ ಪೇಟ ಹಾರಿಸಿತು, ಧಾರೆಯ ಹೊತ್ತಿನಲ್ಲಿ ಕೂತವರಿಗೆಲ್ಲ ಕಂಡದ್ದು ಕ್ಯಾಮೆರಾದವರ ಬೆನ್ನು. ಬ್ಯಾಂಡಿನ ಗದ್ದಲದಲ್ಲಿ ಸೋಬಾನೆಗೆ ಜಾಗವೇ ಇರಲಿಲ್ಲ. ತಂಗಿಯನ್ನು ಹಂಪಾಪುರದ ಕಡೆಗೆ ಕಳಿಸಿ, ಆ ವಾರದಲ್ಲೇ ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು.

ಆಪರೇಷನ್ ಆಯಿತು. ಅವ್ವನಿಗೆ ಎಚ್ಚರವಾಗುವಾಗ ಹೇಗೆ ಹೇಳುವುದು, ಯಾರು ಹೇಳುವುದು ಅಂತ ಅಪ್ಪನೂ ನಾನೂ ಬಾಗಿಲಲ್ಲಿ ನಿಂತಿದ್ದೆವು. ಅವ್ವ ಕಣ್ಣು ಬಿಟ್ಟಳು. ಮಾತನಾಡಲು ಒಂದು ಸಲವೂ ಪ್ರಯತ್ನ ಮಾಡಲಿಲ್ಲ. ಅಪ್ಪನ ಕೈ ಹಿಡಿದು, ಊಟ ಆಯಿತೇ ಅಂತ ಸನ್ನೆಯಲ್ಲಿ ಕೇಳಿದಳು. ಇವಳದು ಎಂಥಾ ಗಟ್ಟಿ ಗುಂಡಿಗೆ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ಬಂದ.

ವಿಡಿಯೋ ಬಂದದ್ದು ಅದಾಗಿ ಎರಡು ತಿಂಗಳಿಗೆ. ತಂಗಿ ಗಂಡನ ಮನೆಯಿಂದ ಬಂದಿದ್ದಳು. ಪೆನ್‌ಡ್ರೈವ್ ಟಿವಿಗೆ ಹಾಕಿ ಎಲ್ಲರೂ ಚಾಪೆ ಮೇಲೆ ಕೂತೆವು. ಅವ್ವ ಕತ್ತಿಗೆ ಬಟ್ಟೆ ಸುತ್ತಿಕೊಂಡು ಮುಂದೆಯೇ ಕೂತಳು. ಊರು ಬಂತು, ಬ್ಯಾರನ್ ಬಂತು, ಚಪ್ಪರ ಬಂತು. ಹಸೆಮಣೆ ಬಂತು. ಅವ್ವನ ಮುಖ ಟಿವಿ ತುಂಬ ಬಂತು. ಅವ್ವ ಬಾಯಿ ತೆರೆದಳು.

ಅವಳ ಬಾಯಿಂದ ಒಬ್ಬ ಗಂಡಸಿನ ದನಿ ಹೊರಟಿತು. ಯಾವುದೋ ಸಿನಿಮಾದ ಹಾಡು. ಅವ್ವ ತುಟಿ ಆಡಿಸುತ್ತಾಳೆ, ಅವನು ಚೆಲುವೆ ಅನ್ನುತ್ತಾನೆ, ಪ್ರಾಣ ಅನ್ನುತ್ತಾನೆ. ಪಿನ್ ಟು ಪಿನ್ ಕೂರಿಸುತ್ತೇನೆ ಅಂದಿದ್ದನಲ್ಲ, ತಾಳ ಬೀಳುವ ಕಡೆಗೆ ಸರಿಯಾಗಿ ಅವ್ವನ ತಲೆ ಅಲ್ಲಾಡುತ್ತದೆ. ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಓಡಿಸಿದೆ, ಮುಂದಕ್ಕೆ ಓಡಿಸಿದೆ. ಆದಿಯಿಂದ ಅಂತ್ಯದವರೆಗೆ ಒಂದೇ ಒಂದು ಮನುಷ್ಯರ ಮಾತಿಲ್ಲ. ತಂಗಿ ಬಾಯಿಗೆ ಕೈ ಇಟ್ಟುಕೊಂಡು ಕೂತಳು. ಅಪ್ಪ ಎದ್ದು ಹೊರಗೆ ಹೋದ. ಅವ್ವನೊಬ್ಬಳು ಸದ್ದಿಲ್ಲದೆ ಮೈ ಕುಲುಕಿಸಿ, ತೊಡೆ ತಟ್ಟಿಕೊಂಡು ನಗುತ್ತಿದ್ದಳು.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು ಕೆ.ಆರ್. ನಗರದ ಅವನ ಸ್ಟುಡಿಯೋ ಬಾಗಿಲಲ್ಲಿ ಇಳಿದೆ. ಅವನು ಆಗಷ್ಟೇ ಷಟರ್ ಎತ್ತುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ.

"ನೀವೇ ಅಲ್ವಾ ಅಕ್ಕ ಹಾಡು ಚೆನ್ನಾಗಿರ್ಬೇಕು ಅಂದಿದ್ದು? ಚಪ್ಪರದ್ ದಿನಕ್ಕೆ ಅಂತ ಹುಡ್ಕಿ ಹುಡ್ಕಿ ಹಾಕಿದೀನಿ."

"ನಮ್ಮವ್ವ ಹೇಳಿದ್ ಹಾಡು ಕಣಯ್ಯ ನಾನಂದಿದ್ದು."

"ಅದು ಪದ ಅಲ್ವಾ ಅಕ್ಕ? ಪದ ಅಂದಿದ್ರೆ ಗೊತ್ತಾಗ್ತಿತ್ತು. ನಮ್ಮಜ್ಜೀನೂ ಪದ ಹೇಳೋಳು," ಅಂದ.

ಇಷ್ಟೇ ಇಷ್ಟು ಮಾತು. ಅವ್ವನೆದುರಿಗೆ ಮುಚ್ಚಿಟ್ಟು ಮಾತಾಡಲು ಹೋಗಿ, ಅವ್ವನದೇ ಮಾತು ಬಿಟ್ಟು ಪೇಟೆಯ ಮಾತು ಹಿಡಿದಿದ್ದೆ. ಅವನ ಅಂಗಡಿಯ ಕುರ್ಚಿಯಲ್ಲೇ ಕೂತು ಅವ್ವನ ಗಂಟಲಿನ ಕತೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ವಿಡಿಯೋ ಕೊಟ್ಟ ಮೇಲೆ ಮೂಲದ್ದನ್ನೆಲ್ಲ ಅಳಿಸಿಬಿಡುವುದು ಅವರ ರೂಢಿಯಂತೆ, ಮುಂದಿನ ಮದುವೆಗೆ ಜಾಗ ಬೇಕಲ್ಲ. ಛತ್ರದ್ದೆಲ್ಲ ಹೋಗಿತ್ತು. "ಚಪ್ಪರದ್ದು ಒಂಚೂರು ಟೀಸರಿಗೆ ಅಂತ ಬೇರೆ ಕಡೆ ಎತ್ತಿಟ್ಟಿದ್ದೆ. ಇದ್ರೆ ಅದೊಂದೇ," ಅನ್ನುತ್ತಾ ಕಂಪ್ಯೂಟರಿನಲ್ಲಿ ಹುಡುಕತೊಡಗಿದ. ನಾನು ಮನೆದೇವರಿಗೆ ಮುಡಿಪು ಕಟ್ಟಿಕೊಂಡೆ.

ಸಿಕ್ಕಿತು. ಬೇರೆ ಮೈಕ್ ಹಾಕಿರಲಿಲ್ಲ, ಕ್ಯಾಮೆರಾ ತಾನಾಗಿ ಹಿಡಿದ ಸದ್ದು. ಅವನು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಮೊದಲು ಕೇಳಿಸಿದ್ದು ಪಾತ್ರೆಯ ಸದ್ದು. ಆಮೇಲೆ ವೈರು ತುಳಿಯಬೇಡಿ ಅಂತ ಕಿರುಚುವ ನನ್ನದೇ ಗಂಟಲು. ಅದರ ಅಡಿಯಲ್ಲಿ, ಒಡೆದ ದನಿಯಲ್ಲಿ, ಅವ್ವ. ಮೊದಲನೆಯ ಸಲ ಅವಳು ಹೇಳಿದ್ದು ಅರಿಶಿನದ ಪದ, ನಾನು ಹುಟ್ಟಿದಾಗಿನಿಂದ ಕೇಳಿದ್ದು. ಅವನು ನಿಲ್ಲಿಸಿದ. ಎರಡನೆಯ ಸಲವೂ ಅದೇ. ಮತ್ತೆ ನಿಲ್ಲಿಸಿದ. ಮೂರನೆಯ ಸಲ ಅವ್ವ ತಂಗಳು ಬಡಿಸಲಿಲ್ಲ. ಪದ ಬದಲಾಯಿತು.

ಮಡಲಕ್ಕಿ ಜೊತೆಯಲ್ಲಿ ದನಿಯನ್ನೂ ಕಟ್ಟೀನಿ
ಬಿಡಿಸಿಕೊ ಮಗಳೆ ಗಂಡನೂರಲ್ಲಿ, ಬಂದಾಗ
ನುಡಿ ಕೇಳಬ್ಯಾಡ ತವರಲ್ಲಿ

ನನಗೆ ಕೇಳಿಸಿದ್ದು ಸರಿಯೇ ಅಂತ ಅವನ ಮುಖ ನೋಡಿದೆ. ಅವನು ಇನ್ನೊಂದು ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಕಲ್ಲಿನಂತೆ ಕೂತಿದ್ದ. ಅವ್ವ ಉಸಿರು ಎಳೆದುಕೊಂಡು ಇನ್ನೊಂದು ನುಡಿ ಹೇಳಿದಳು.

ಹಿರಿಮಗಳು ತಂದವಳೆ ದನಿ ಹಿಡಿಯೊ ಪೆಟ್ಟಿಗೆಯ
ಅರಿಯಾಳು ಅವ್ವ ಅನುಕೊಂಡು, ಅರಿತೀನಿ
ಗುರುತೀಗೆ ಪದವ ತುಂಬೀನಿ

ಅದರ ಮೇಲೆಯೇ ನನ್ನ ಗಂಟಲು: "ಎಲ್ರೂ ಸ್ವಲ್ಪ ಈ ಕಡೆ ನೋಡಿ."

ನಾನು ಹೆಡ್‌ಫೋನ್ ಕಿತ್ತಿಟ್ಟೆ. ಅಷ್ಟು ಜನರ ಮಧ್ಯೆ, ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅವ್ವ ಎಲ್ಲವನ್ನೂ ಬಾಯಿ ಬಿಟ್ಟು ಹೇಳಿಬಿಟ್ಟಿದ್ದಳು. ನಾವು ಅವಳಿಂದ ಮುಚ್ಚಿಟ್ಟೆವು ಅಂದುಕೊಂಡಿದ್ದೆವಲ್ಲ, ಥೂ ನಮ್ಮ ಜನ್ಮಕ್ಕೆ. ಅವನು ಅದನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದ.

ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಅಕ್ಕಿ ಆರಿಸುತ್ತಿದ್ದಳು. ತಂಗಿ ಗಂಡನ ಮನೆಗೆ ಹೊರಟು ಹೋಗಿದ್ದಳು, ಅಪ್ಪ ಹೊಲಕ್ಕೆ ಹೋಗಿದ್ದ. ನಾನು ಚಪ್ಪಲಿಯನ್ನೂ ಬಿಡದೆ ಕೇಳಿದೆ.

"ಅವ್ವ, ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವ್ವ ಪೆನ್‌ಡ್ರೈವ್ ನೋಡಿದಳು, ನನ್ನನ್ನು ನೋಡಿದಳು. ಕಿಟಕಿಯಾಚೆ ಬ್ಯಾರನ್ ಕಡೆ ಬೆರಳು ತೋರಿಸಿದಳು. ಆಮೇಲೆ ಆ ಬೆರಳನ್ನು ಕಿವಿಗೆ ಮುಟ್ಟಿಸಿಕೊಂಡಳು. ಆವತ್ತು ಸಂಜೆ, ಅಪ್ಪನೂ ನಾನೂ ಗೋಡೆಯ ಹೊರಗೆ ನಿಂತು ಪಿಸುಗುಟ್ಟುವಾಗ, ಅವ್ವ ಬ್ಯಾರನ್ ಒಳಗಿದ್ದಳು.

ಟಿವಿಗೆ ಹಾಕಲು ಎದ್ದೆ. ಅವ್ವ ನನ್ನ ಮುಂಗೈ ಹಿಡಿದಳು. ಹೊಲದ ಕಡೆ ಕೈ ತೋರಿಸಿ, ಅಪ್ಪನ ಮೀಸೆಯ ಹಾಗೆ ತುಟಿಯ ಮೇಲೆ ಬೆರಳೆಳೆದು, ಬೇಡ ಅಂತ ತಲೆ ಅಲ್ಲಾಡಿಸಿದಳು. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹೆಂಡತಿ ನಗುನಗುತ್ತಾ ಮಗಳ ಮದುವೆ ಮಾಡಿದಳು ಅನ್ನುವುದೊಂದೇ ಅಪ್ಪನಿಗೆ ಉಳಿದಿದ್ದ ಸಮಾಧಾನ. ಈ ಪದ ಕೇಳಿದರೆ ಅದೂ ಹೋಗುತ್ತದೆ. ಅವ್ವನಿಗೆ ಹೇಳಬೇಡ ಅಂತ ಅಪ್ಪ, ಅಪ್ಪನಿಗೆ ಹೇಳಬೇಡ ಅಂತ ಅವ್ವ. ನಾನು ಪೆನ್‌ಡ್ರೈವನ್ನು ಸೆರಗಿನ ಚುಂಗಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಪ್ಪ ಬಂದವನು ಕಾಲು ತೊಳೆಯುವ ಮೊದಲೇ ಕೇಳಿದ. "ಸಿಕ್ತಾ ಕಣವ್ವ, ನಿಮ್ಮವ್ವನ್ ದನಿ?"

"ಇಲ್ಲ ಅಪ್ಪ. ಅಳಿಸ್ಬುಟ್ಟವ್ನೆ."

ಅಪ್ಪ ಜಗಲಿಯ ಮೇಲೆ ಕುಸಿದು ಕೂತ. ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

"ಓಗ್ಲಿ ಬುಡು," ಅಂದ ಕೊನೆಗೆ. "ಮಿಷನ್ನು ಇಡೀತದೆ ಅಂತ ನಂಬ್ಕೊಂಡು ಕೂತಿದ್ದೆ. ನಾನಾದ್ರೂ ಆವತ್ತು ಒಲೆ ಬುಟ್ಟು ಬಂದು, ಎದ್ರಿಗೆ ಕೂತು ಕೇಳ್ಬೋದಾಗಿತ್ತು."

ಒಳಗೆ ಅವ್ವ ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಒಂದು ಸಲವೂ ತಲೆ ಎತ್ತಲಿಲ್ಲ.